ಹೊನ್ನು ಹೋಯಿತು, ಹೆಸರು ಉಳಿಯಿತು: ಬಾಡದ ತಿಮ್ಮಪ್ಪ ಕನಕನಾದ ಕಥೆ

ತಡಸ (ಶಿಗ್ಗಾವಿ ತಾಲ್ಲೂಕು): ಹುಬ್ಬಳ್ಳಿಯಿಂದ ಹಾವೇರಿಯತ್ತ ಹೆದ್ದಾರಿ ಹಿಡಿದು ಹೊರಟವರಿಗೆ ಎದುರಾಗುವ ನಿಲುಗಡೆ ತಡಸ ಕ್ರಾಸ್. ಮುಂಡಗೋಡದ ಕಡೆಗೆ ಹೊರಳುವ ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಈ ಸೀಮೆಯ ಯಾವುದೇ ಊರಿನೊಳಗೆ ಹೋಗಿ ಬಸಪ್ಪನವರ ಮನೆ ಎಲ್ಲಿ ಎಂದು ವಿಚಾರಿಸಿ ನೋಡಿ. ದಾರಿ ತೋರಿಸುವ ಮೊದಲು ಯಾವ ಬಸಪ್ಪ ಎಂಬ ಮರುಪ್ರಶ್ನೆ ಬರುತ್ತದೆ. ಊರಿಗೆ ಹತ್ತು ಜನ ಬಸಪ್ಪ, ಹತ್ತು ಜನ ಫಕ್ಕೀರಪ್ಪ, ಓಣಿಗೊಬ್ಬ ಮೌಲಾಸಾಬ. ಕಡೆಗೆ ಗುರುತು ಹತ್ತುವುದು ಮೀಸೆಯಿಂದ, ನಡಿಗೆಯಿಂದ, ಹಿಂದೊಮ್ಮೆ ಜಾತ್ರೆಯಲ್ಲಿ ಗೆದ್ದ ಕುಸ್ತಿಯಿಂದ ಅಥವಾ ಮನೆ ಮುಂದಿನ ಬೇವಿನ ಮರದಿಂದ.

ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಕಂಡು ಬೆಂಗಳೂರಿನವರು ಇಂದಿಗೂ ಬೆರಗಾಗುವುದುಂಟು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಬಡಿಗೇರ, ಗಾಣಿಗೇರ. ಎಂದೋ ಒಬ್ಬ ಹಿರಿಯರು ಮಾಡಿದ ವ್ಯಾಪಾರವೋ ಕಸುಬೋ ಮೊಮ್ಮಕ್ಕಳ ಪಾಸ್‌ಪೋರ್ಟಿನವರೆಗೂ ನಡೆದು ಬಂದಿದೆ. ಆ ಹಿರಿಯರ ಸ್ವಂತ ಹೆಸರು ಏನಿತ್ತೆಂದು ಕೇಳಿದರೆ ಮನೆಯವರೇ ತಡವರಿಸುತ್ತಾರೆ. ಈ ವರದಿಗಾರನ ಅನುಭವವೂ ಬೇರೆಯಲ್ಲ. ಹಳ್ಳಿ ಸುತ್ತಿ ಬಂದು ಟಿಪ್ಪಣಿ ಪುಸ್ತಕ ತೆರೆದಾಗ ಹೆಸರು ಬರೆದುಕೊಳ್ಳಲು ಮರೆತಿರುವುದು ತಿಳಿಯುತ್ತದೆ. ನೆನಪಿನಲ್ಲಿ ಉಳಿದಿರುವುದು ಕೆಂಪು ರುಮಾಲಿನ ಅಜ್ಜ, ಕೊಡೆಯ ಮೇಷ್ಟ್ರು.

ವಿಚಿತ್ರವೆಂದರೆ, ಈ ಸುತ್ತಿನ ನೆಲ ನಾಡಿಗೆ ಕೊಟ್ಟ ಅನೇಕ ದೊಡ್ಡವರು ಕೂಡ ಹೀಗೆಯೇ ಉಳಿದಿದ್ದಾರೆ. ಹಿರೇಕೆರೂರು ಸೀಮೆಯ ಅಬಲೂರಿನೊಂದಿಗೆ ಸಂಬಂಧ ಹೇಳಲಾಗುವ ತ್ರಿಪದಿಕಾರನಿಗೆ ಪುಷ್ಪದತ್ತ ಎಂಬ ಹೆಸರಿತ್ತೆಂದು ಪ್ರತೀತಿ. ಆ ಹೆಸರು ಯಾರಿಗೆ ಬೇಕು? ನಾಡಿಗೆ ಅವನು ಸರ್ವಜ್ಞ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಓದುಗರು ಕರೆದದ್ದು ಅವರ ಊರಿನ ಹೆಸರಿನಿಂದ, ಗಳಗನಾಥ ಎಂದು. ಇವರೆಲ್ಲರಿಗಿಂತ ಹೆಚ್ಚು ದೂರ ಹೋದ, ಗುರುತೇ ಹೆಸರನ್ನು ಸಂಪೂರ್ಣವಾಗಿ ನುಂಗಿದ ವ್ಯಕ್ತಿ ಇದೇ ಶಿಗ್ಗಾವಿ ತಾಲ್ಲೂಕಿನ ಬಾಡ ಗ್ರಾಮದವನು. ತಂದೆ ತಾಯಿ ಇಟ್ಟ ಹೆಸರು ತಿಮ್ಮಪ್ಪ. ಲೋಕ ಬಲ್ಲದ್ದು ಕನಕದಾಸ.

ತಿರುಪತಿಯ ಹರಕೆಯ ಮಗ

ಕನಕದಾಸರ ಜೀವನಕ್ಕೆ ಶಾಸನಾಧಾರಗಳು ಕಡಿಮೆ, ಐತಿಹ್ಯಗಳು ಹೇರಳ. ಇದನ್ನು ಮೊದಲೇ ಹೇಳಿಬಿಡುವುದು ಒಳಿತು. ಹುಟ್ಟಿದ ವರ್ಷ 1509, ತೀರಿದ್ದು 1609 ಎಂದು ಬರೆಯುವ ರೂಢಿಯಿದೆ. ನೂರು ವರ್ಷಗಳ ಈ ಅಚ್ಚುಕಟ್ಟಾದ ಲೆಕ್ಕವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಆಳ್ವಿಕೆಯ ಕಾಲದಲ್ಲಿ ಅವರು ಬಾಳಿದರೆಂಬ ಬಗ್ಗೆ ಅನುಮಾನವಿಲ್ಲ. ರೂಢಿಯ ಲೆಕ್ಕವನ್ನೇ ಹಿಡಿದರೆ, ಕೃಷ್ಣದೇವರಾಯನು ಪಟ್ಟವೇರಿದ ವರ್ಷವೇ ಬಾಡದಲ್ಲಿ ಈ ಮಗು ಹುಟ್ಟಿತು; 1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ಸಾಮ್ರಾಜ್ಯ ಕುಸಿದುದನ್ನೂ ಅದು ಕಂಡಿತು.

ತಂದೆ ಬೀರಪ್ಪ, ಬೀರೇಗೌಡ ಎಂದೂ ಹೇಳುತ್ತಾರೆ. ತಾಯಿ ಬಚ್ಚಮ್ಮ. ಹಾಲುಮತದ ಕುರುಬ ಮನೆತನ. ಬಹುಕಾಲ ಮಕ್ಕಳಿಲ್ಲದ ದಂಪತಿ ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗನಾದ್ದರಿಂದ ಆ ದೇವರ ಹೆಸರನ್ನೇ ಇಟ್ಟರಂತೆ. ಹಾಗೆ ನೋಡಿದರೆ ಮೊದಲ ಹೆಸರೂ ಮಗುವಿನ ಸ್ವಂತದ್ದಲ್ಲ, ಸಾಲವಾಗಿ ತಂದ ಹೆಸರು. ಹರಕೆ ತೀರಿಸಿದ ಮನೆಗಳಲ್ಲೆಲ್ಲ ಒಬ್ಬ ತಿಮ್ಮಪ್ಪ ಇದ್ದೇ ಇರುತ್ತಿದ್ದ ಕಾಲವದು.

ಬೀರಪ್ಪ ಸಾಮಾನ್ಯ ಕುರಿಗಾರನಾಗಿರಲಿಲ್ಲ. ಬಂಕಾಪುರ ಪ್ರಾಂತ್ಯಕ್ಕೆ ಸೇರಿದ ಬಾಡದ ಸೀಮೆಯ ಡಣಾಯಕನಾಗಿದ್ದ. ಆ ಸೀಮೆಗೆ 78 ಹಳ್ಳಿಗಳಿದ್ದವೆಂದು ಹೇಳಿಕೆಯಿದೆ. ಬಂಕಾಪುರ ಆಗ ಚಿಕ್ಕ ಊರಲ್ಲ. ರಾಷ್ಟ್ರಕೂಟರ ಸಾಮಂತ ಬಂಕೇಯನ ಹೆಸರು ಹೊತ್ತ, ಕೋಟೆ ಕೊತ್ತಲಗಳುಳ್ಳ ಪಟ್ಟಣ. ಅಲ್ಲಿನ ನಗರೇಶ್ವರ ದೇವಾಲಯವನ್ನು ಊರವರು ಆ ಹೆಸರಿನಿಂದ ಕರೆಯುವುದು ಅಪರೂಪ. ಅರವತ್ತು ಕಂಬದ ಗುಡಿ ಎಂದರೆ ಮಾತ್ರ ದಾರಿ ತೋರಿಸುತ್ತಾರೆ. ದೇವರಿಗೂ ಈ ಸೀಮೆಯಲ್ಲಿ ಗುರುತಿನಿಂದ ಬಿಡುಗಡೆಯಿಲ್ಲವೆಂದಾಯಿತು!

ತಿಮ್ಮಪ್ಪನಿಗೆ ಅಕ್ಷರವಿದ್ಯೆಯೂ ಆಯಿತು, ಕತ್ತಿವರಸೆ ಕುದುರೆ ಸವಾರಿಯೂ ಆಯಿತು. ತಂದೆ ಬೇಗ ತೀರಿಕೊಂಡದ್ದರಿಂದ ಎಳೆಯ ವಯಸ್ಸಿನಲ್ಲೇ ಡಣಾಯಕತನ ಹೆಗಲಿಗೆ ಬಿತ್ತು. ತಿಮ್ಮಪ್ಪ ತಿಮ್ಮಪ್ಪನಾಯಕನಾದ. ಎರಡನೆಯ ಹೆಸರು ಅಧಿಕಾರದಿಂದ ಬಂತು. ಮೂರನೆಯದು ಮಣ್ಣಿನಿಂದ ಬರಲಿತ್ತು.

ಏಳು ಕೊಪ್ಪರಿಗೆ

ಯಾವುದೋ ಕಟ್ಟಡದ ಕೆಲಸಕ್ಕಾಗಿ ನೆಲ ಅಗೆಯಿಸುತ್ತಿದ್ದಾಗ ಹೊನ್ನು ತುಂಬಿದ ಕೊಪ್ಪರಿಗೆಗಳು ಸಿಕ್ಕವು ಎಂಬುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಕೊಪ್ಪರಿಗೆಗಳ ಸಂಖ್ಯೆ ಏಳು ಎಂದೇ ಎಲ್ಲರೂ ಹೇಳುತ್ತಾರೆ. ಕಥೆಗಳಲ್ಲಿ ಹೊನ್ನು ಏಳಕ್ಕಿಂತ ಕಡಿಮೆ ಕೊಪ್ಪರಿಗೆಯಲ್ಲಿ ಸಿಗುವುದು ಅಪರೂಪವೇ. ನಿಧಿ ಸಿಕ್ಕವರು ಬಾಯಿ ಬಿಡುವುದಿಲ್ಲ. ಬಿಟ್ಟರೂ ಅರಮನೆಗೋ ಕಳ್ಳರಿಗೋ ಹೆದರಿ ಅರ್ಧ ಬಚ್ಚಿಡುತ್ತಾರೆ. ತಿಮ್ಮಪ್ಪನಾಯಕ ಮಾಡಿದ್ದು ಬೇರೆ. ಕೈ ಬಿಚ್ಚಿ ದಾನ ಮಾಡಿದ. ಉಳಿದುದರಲ್ಲಿ ಕಾಗಿನೆಲೆಯಲ್ಲಿ ಆದಿಕೇಶವನಿಗೆ ಗುಡಿ ಕಟ್ಟಿಸಿದ. ಜನ ಅವನನ್ನು ಕನಕಪ್ಪ, ಕನಕನಾಯಕ ಎಂದು ಕರೆಯತೊಡಗಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊನ್ನು ಇಟ್ಟುಕೊಂಡವನಾಗಿದ್ದರೆ ಜನ ಹೊನ್ನಿನ ಹೆಸರಿಟ್ಟು ಕರೆದಾರೆಂದು ನಂಬುವುದು ಕಷ್ಟ. ಕರೆದರೂ ಅದರಲ್ಲಿ ಕುಹಕ ಇರುತ್ತಿತ್ತು. ಕೊಟ್ಟವನಾದ್ದರಿಂದ ಕನಕನಾದ. ಕೈಯಲ್ಲಿ ಇಲ್ಲದಾದ ವಸ್ತುವೇ ಹೆಸರಾಗಿ ಅಂಟಿಕೊಂಡಿತು. ಮುಂದೆ ತಂಬೂರಿ ಹಿಡಿದು, ಕಂಬಳಿ ಹೊದ್ದು, ಕಾಸಿಲ್ಲದೆ ಊರೂರು ತಿರುಗಿದಾಗಲೂ ಆ ಹೆಸರು ಬಿಡಲಿಲ್ಲ. ಬಂಗಾರ ಎಂದು ಕರೆಸಿಕೊಳ್ಳುವ ಬಡವ!

ನಾಯಕತನದಿಂದ ದಾಸತನಕ್ಕೆ ಬಂದ ದಾರಿಯನ್ನು ಐತಿಹ್ಯಗಳು ಯುದ್ಧಭೂಮಿಯ ಮೂಲಕ ಹಾಯಿಸುತ್ತವೆ. ಅದಕ್ಕೂ ಮುನ್ನ ಮನೆಯಲ್ಲಿ ಸಾವುಗಳಾದವು, ಹತ್ತಿರದವರನ್ನು ಕಳೆದುಕೊಂಡು ನಾಯಕ ಒಂಟಿಯಾದ ಎನ್ನುತ್ತಾರೆ. ಕನಸಿನಲ್ಲಿ ಆದಿಕೇಶವ ಕಾಣಿಸಿಕೊಂಡು ತನ್ನ ದಾಸನಾಗೆಂದು ಕರೆದನಂತೆ, ನಾಯಕ ಒಪ್ಪಲಿಲ್ಲ. ಡಣಾಯಕನೊಬ್ಬ ದಾಸನಾಗುವುದೆಂದರೆ ಸಣ್ಣ ಮಾತಲ್ಲ. ಬಳಿಕ ನಡೆದ ಒಂದು ಕಾಳಗದಲ್ಲಿ ಮೈಯೆಲ್ಲ ಗಾಯವಾಗಿ, ಸತ್ತನೆಂದು ತಿಳಿದು ಬಿಟ್ಟುಹೋದ ಹೆಣಗಳ ನಡುವೆ ಬಿದ್ದಿದ್ದ. ಅಲ್ಲಿ ಮತ್ತೆ ಅದೇ ಕರೆ ಬಂತು. ಈ ಸಲ ಎದ್ದವನು ಕತ್ತಿಯನ್ನು ಅಲ್ಲೇ ಬಿಟ್ಟ.

ದೇವರ ಮಾತು ಕೇಳಿಸಿತೋ ಇಲ್ಲವೋ, ಅದು ನಂಬುವವರ ಮಾತು. ರಕ್ತ ಹರಿದು ಬಿದ್ದ ಸೈನಿಕನೊಬ್ಬನಿಗೆ ತನ್ನ ಜೀವನ ಬೇರೆಯಾಗಿ ಕಂಡಿರಬಹುದೆಂಬುದನ್ನು ನಂಬಲು ಪವಾಡ ಬೇಕಿಲ್ಲ. ನಾಯಕ ಎಂಬ ಗೌರವದ ಬಾಲ ಕಳಚಿತು. ಅದರ ಜಾಗದಲ್ಲಿ ದಾಸ ಎಂಬುದು ಬಂತು. ಕನಕ ಮಾತ್ರ ಉಳಿಯಿತು.

ಮಠದೊಳಗಿನ ಹೆಸರು

ದಾಸ ಪಂಥದಲ್ಲಿ ಹೆಸರಿನ ವಿಷಯವೇ ಬೇರೆ. ಶ್ರೀನಿವಾಸ ನಾಯಕ ಎಂಬ ಲೇವಾದೇವಿಯ ವ್ಯಾಪಾರಿ ಪುರಂದರದಾಸರಾದ ಕಥೆ ಎಲ್ಲರಿಗೂ ತಿಳಿದದ್ದು. ಕೀರ್ತನೆಯ ಕಡೆಯಲ್ಲಿ ಹಾಡಿದವನು ತನ್ನ ಹೆಸರು ಹೇಳುವುದಿಲ್ಲ, ತನ್ನ ದೇವರ ಹೆಸರು ಹೇಳುತ್ತಾನೆ. ಅದೇ ಅಂಕಿತ. ಕನಕದಾಸರದು ಕಾಗಿನೆಲೆಯ ಆದಿಕೇಶವ. ಇನ್ನೂರಕ್ಕೂ ಹೆಚ್ಚು ಕೀರ್ತನೆಗಳ ಕೊನೆಯಲ್ಲಿ ಒಂದು ಊರು ಬರುತ್ತದೆ, ಒಂದು ದೇವರು ಬರುತ್ತದೆ, ಮನುಷ್ಯ ಬರುವುದಿಲ್ಲ. ಹಾಗಿದ್ದೂ ಆ ಅಂಕಿತ ಕಿವಿಗೆ ಬಿದ್ದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಆ ಮನುಷ್ಯನೇ. ಬ್ಯಾಡಗಿ ತಾಲ್ಲೂಕಿನ ಈ ಪುಟ್ಟ ಊರನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದ ಕೀರ್ತಿಯೂ ಆ ಅಂಕಿತದ್ದೇ.

ವಿಜಯನಗರದಲ್ಲಿ ವ್ಯಾಸರಾಯರ ಶಿಷ್ಯತ್ವ ದೊರೆಯಿತು. ವ್ಯಾಸರಾಯರು (1460-1539) ಆ ಕಾಲದ ದೊಡ್ಡ ಮಾಧ್ವ ಯತಿಗಳು, ರಾಜಮನ್ನಣೆ ಪಡೆದ ತಾರ್ಕಿಕರು. ಪುರಂದರದಾಸರೂ ಅವರ ಶಿಷ್ಯರೇ. ಗುರುಗಳು ಒಪ್ಪಿದರು, ಆದರೆ ಗುರುಗಳ ಸುತ್ತ ಇದ್ದವರು ಒಪ್ಪಲಿಲ್ಲ. ಅವರ ಬಾಯಲ್ಲಿ ಕನಕನಿಗೆ ಇದ್ದ ಹೆಸರು ಕುರುಬ ಎಂಬುದು. ಬಾಡದ ಜನ ಕೊಟ್ಟ ಗುರುತು ಕೊಟ್ಟದ್ದಕ್ಕಾಗಿ, ಮಠದ ಶಿಷ್ಯರು ಕೊಟ್ಟ ಗುರುತು ಹುಟ್ಟಿದ್ದಕ್ಕಾಗಿ. ಎರಡೂ ಒಬ್ಬನನ್ನು ಹೆಸರು ಬಿಟ್ಟು ಕರೆಯುವ ಕ್ರಮಗಳೇ. ಒಂದರಲ್ಲಿ ಅಕ್ಕರೆಯಿದೆ, ಇನ್ನೊಂದರಲ್ಲಿ ಬಾಗಿಲು ಮುಚ್ಚುವ ಸದ್ದಿದೆ.

ಈ ಕಾಲದ ಕಥೆಗಳೆಲ್ಲ ಒಂದೇ ಹದದವು. ಶಿಷ್ಯರು ಗೇಲಿ ಮಾಡುತ್ತಾರೆ, ಕನಕ ಗೆಲ್ಲುತ್ತಾನೆ. ಬಾಳೆಹಣ್ಣಿನ ಕಥೆ ಎಲ್ಲಕ್ಕಿಂತ ಪ್ರಸಿದ್ಧ. ಗುರುಗಳು ಒಬ್ಬೊಬ್ಬರಿಗೂ ಒಂದು ಹಣ್ಣು ಕೊಟ್ಟು, ಯಾರೂ ಕಾಣದ ಜಾಗದಲ್ಲಿ ತಿಂದು ಬರುವಂತೆ ಹೇಳಿದರು. ಕದದ ಹಿಂದೆ, ಮಾಳಿಗೆಯ ಮೂಲೆಯಲ್ಲಿ, ಕಂಬಳಿಯ ಮರೆಯಲ್ಲಿ ಎಲ್ಲರೂ ತಿಂದು ಬಂದರು. ಕನಕ ಹಣ್ಣನ್ನು ಹಾಗೆಯೇ ತಂದ. ದೇವರು ಕಾಣದ ಜಾಗ ತನಗೆ ಸಿಗಲಿಲ್ಲವೆಂದ. ಶಾಲೆಯ ಪಾಠಗಳಲ್ಲಿ, ಭಾಷಣಗಳಲ್ಲಿ ಸವೆದು ಹೋದ ಕಥೆ ಇದು. ಆದರೂ ಹೇಳುವವರು ಬದಲಾದಂತೆ ಹೊಸ ಮೂಲೆಗಳು ಹುಟ್ಟಿಕೊಳ್ಳುತ್ತಿರುತ್ತವೆ.

ಅಷ್ಟಾಗಿ ಹೇಳದ ಮತ್ತೊಂದು ಕಥೆ ಕೋಣದ್ದು. ಮಂತ್ರೋಪದೇಶ ಬೇಡಲು ಬಂದ ಕನಕನಿಗೆ ಗುರುಗಳು, ಕುರುಬನಿಗೆ ಎಂಥ ಮಂತ್ರ, ಕೋಣ ಮಂತ್ರ ಎಂಬರ್ಥದ ಮಾತಾಡಿ ಕಳುಹಿಸಿದರಂತೆ. ಕನಕ ಅದನ್ನೇ ಉಪದೇಶವೆಂದು ಭಾವಿಸಿ ಜಪಿಸಿದ. ಯಮನ ಕೋಣ ಎದುರು ಬಂದು ನಿಂತಿತು. ಮದನಪಲ್ಲಿಯ ಕಡೆ ವ್ಯಾಸಸಮುದ್ರದ ಕೆರೆ ಕಟ್ಟಿಸುತ್ತಿದ್ದ ವ್ಯಾಸರಾಯರು, ಯಾರಿಂದಲೂ ಅಲುಗದ ಬಂಡೆಯೊಂದನ್ನು ಆ ಕೋಣದಿಂದ ಸರಿಸಿಸಿದರು. ಅಲ್ಲಿನ ತೂಬಿಗೆ ಕನಕನ ತೂಬು ಎಂಬ ಹೆಸರು ಹೀಗೆ ಬಂತೆಂದು ಹೇಳುತ್ತಾರೆ. ಚುಚ್ಚಲೆಂದು ಆಡಿದ ಪದವೇ ಮಂತ್ರವಾಯಿತು, ನೀರು ಬಿಡುವ ತೂಬಿಗೆ ಹೆಸರೂ ಆಯಿತು. ಕಟ್ಟುಕಥೆಯೇ ಇರಬಹುದು. ಆದರೆ ಅದನ್ನು ಕಟ್ಟಿದವರಿಗೆ ಅವಮಾನದ ರುಚಿ ಚೆನ್ನಾಗಿ ಗೊತ್ತಿತ್ತು ಎನ್ನುವುದರಲ್ಲಿ ಸಂಶಯವಿಲ್ಲ.

ಗೋಡೆಯ ಬಿರುಕು

ಉಡುಪಿಯ ಪ್ರಸಂಗವನ್ನು ಇಲ್ಲಿ ಉದ್ದವಾಗಿ ಹೇಳಬೇಕಾಗಿಲ್ಲ. ಕೃಷ್ಣನ ದರ್ಶನಕ್ಕೆ ಬಂದ ಕನಕನನ್ನು ಒಳಗೆ ಬಿಡಲಿಲ್ಲ. ಗುಡಿಯ ಹೊರಗೆ ನಿಂತು, ಬಾಗಿಲು ತೆರೆದು ಸೇವೆ ಕೊಡೆಂದು ಹಾಡಿದ. ಪಶ್ಚಿಮದ ಗೋಡೆ ಬಿರಿಯಿತು, ವಿಗ್ರಹ ಅತ್ತ ತಿರುಗಿತು ಎಂಬುದು ನಂಬಿಕೆ. ವಿಗ್ರಹ ಇಂದಿಗೂ ಪಶ್ಚಿಮಾಭಿಮುಖವಾಗಿದೆ, ಕಿಂಡಿಯೂ ಇದೆ. ತಿರುಗಿದ್ದು ನಿಜವೇ, ಮೊದಲಿನಿಂದಲೂ ಹಾಗೆಯೇ ಇತ್ತೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಮುಗಿಯುವ ಲಕ್ಷಣವೂ ಕಾಣುವುದಿಲ್ಲ.

ಈ ಕಥೆಯಿಂದ ಕನಕದಾಸರಿಗೆ ಆದ ಲಾಭವೆಷ್ಟು, ನಷ್ಟವೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಬಹುದು. ರಾಜ್ಯದ ಯಾವ ಮೂಲೆಯಲ್ಲಿ ಕನಕದಾಸ ಎಂದರೂ ಮೊದಲು ಬರುವುದು ಕಿಂಡಿ. ಒಬ್ಬ ಡಣಾಯಕ, ಒಬ್ಬ ಸೈನಿಕ, ನಾಲ್ಕು ಕಾವ್ಯಗಳ ಕವಿ, ಎಲ್ಲರೂ ಆ ಸಣ್ಣ ಕಂಡಿಯ ಹಿಂದೆ ಸರಿದು ನಿಂತಿದ್ದಾರೆ. ತಡೆದವರ ಕೃತ್ಯವೇ ತಡೆಸಿಕೊಂಡವನ ಗುರುತಾಗಿರುವುದು ಒಂದು ವಿಪರ್ಯಾಸ. ಬಾಗಿಲಲ್ಲಿ ನಿಂತು ತಡೆದವರು ಯಾರೆಂದು ಮಾತ್ರ ಕಥೆ ಹೇಳುವುದಿಲ್ಲ. ಅವರಿಗೆ ಹೆಸರೂ ಇಲ್ಲ, ಗುರುತೂ ಇಲ್ಲ.

ಸಿನಿಮಾದ ಪಾಲನ್ನೂ ಹೇಳದೆ ಇರಲಾಗದು. 1960ರಲ್ಲಿ ಬಂದ ಭಕ್ತ ಕನಕದಾಸ ಚಿತ್ರದಲ್ಲಿ ರಾಜ್‌ಕುಮಾರ್ ಕನಕನಾದರು, ಪಿ.ಬಿ. ಶ್ರೀನಿವಾಸ್ ದನಿಯಾದರು. ಅಂದಿನಿಂದ ನಾಡಿನ ಎಷ್ಟೋ ಮನೆಗಳಲ್ಲಿ ಕನಕನ ಮುಖವೆಂದರೆ ರಾಜ್‌ಕುಮಾರರ ಮುಖ. ಕನಕನ ಕಾಲದ ಚಿತ್ರವಾಗಲೀ ಪ್ರತಿಮೆಯಾಗಲೀ ಎದುರಿಗಿಲ್ಲದಾಗ ಹೀಗಾಗುವುದು ಸಹಜ. ವೃತ್ತಗಳಲ್ಲಿ ನಿಂತ ಪುತ್ಥಳಿಗಳಲ್ಲಿ ಶಿಲ್ಪಿಗಳು ಕನಕನೆಂದು ತೋರಿಸುವುದು ಮುಖದಿಂದಲ್ಲ. ಹೆಗಲ ಕಂಬಳಿ, ಕೈಯ ತಂಬೂರಿ, ಬೆರಳಿನ ಚಿಟಿಕೆಯಿಂದ. ಅವನ್ನು ತೆಗೆದರೆ ಅದು ಯಾರ ಪ್ರತಿಮೆಯೂ ಆಗಬಹುದು.

ಹೆಸರು ಹೇಳದೆ ಹೇಳುವ ಕವಿ

ಕಿಂಡಿಯಿಂದ ಈಚೆಗೆ ಬಂದು ಕವಿಯನ್ನು ನೋಡಿದರೆ, ನಮ್ಮ ವಿಷಯ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಕನಕದಾಸರು ಮುಂಡಿಗೆಗಳಿಗೆ ಹೆಸರಾದವರು. ಮುಂಡಿಗೆ ಎಂದರೆ ಒಗಟಿನ ಹಾಡು. ಅಲ್ಲಿ ದೇವರನ್ನಾಗಲೀ ವಸ್ತುವನ್ನಾಗಲೀ ಹೆಸರಿಟ್ಟು ಕರೆಯುವುದಿಲ್ಲ. ಲಕ್ಷಣ, ಸಂಬಂಧ, ಕೃತ್ಯಗಳನ್ನು ಒಂದರ ಮೇಲೊಂದು ಪೋಣಿಸಿ, ಯಾರೆಂದು ಕೇಳುಗನೇ ಬಿಡಿಸುವಂತೆ ಬಿಡುತ್ತಾರೆ. ಹನುಮಂತ ಎನ್ನುವ ಬದಲು ಗಾಳಿಯ ಮಗ ಎಂದ ಹಾಗೆ. ಆ ಮಗನನ್ನು ಬಾವುಟದಲ್ಲಿ ಇಟ್ಟುಕೊಂಡವನು ಎಂದರೆ ಅರ್ಜುನ. ಅವನ ಬಂಡಿ ಹೊಡೆದವನು ಎಂದರೆ ಕೃಷ್ಣ. ಹೀಗೆ ಸರಪಳಿ ಬೆಳೆಯುತ್ತ ಹೋಗುತ್ತದೆ. ಪುರಾಣ ಬಲ್ಲವನಿಗೆ ಆಟ, ಅರಿಯದವನಿಗೆ ಕಾಡು.

ಹಳ್ಳಿಯ ಕಟ್ಟೆಯ ಮೇಲೆ ಕುಳಿತು, ಇಂಥವನ ಅಳಿಯ, ಆ ತಿರುವಿನ ಮನೆಯವನು, ಎತ್ತು ಕಳೆದುಕೊಂಡವನು ಎಂದು ಗುರುತು ಹೇಳುವ ಕ್ರಮಕ್ಕೂ ಇದಕ್ಕೂ ದೂರವೇನಿಲ್ಲ. ಹುಟ್ಟೂರಿನ ಮಾತಿನ ಪದ್ಧತಿಯನ್ನೇ ಈ ಕವಿ ಪುರಾಣದ ಮೇಲೆ ಪ್ರಯೋಗಿಸಿದನೇ ಎಂದು ಅನುಮಾನ ಬರುವಷ್ಟು ಹತ್ತಿರವಾಗಿದೆ. ಇದು ಈ ವರದಿಗಾರನ ಊಹೆ ಮಾತ್ರ. ಒಗಟಿನ ಹಾಡು ಕನಕದಾಸರಿಗಿಂತ ಹಳೆಯದು, ಅಲ್ಲಮಪ್ರಭುವಿನ ಬೆಡಗಿನ ವಚನಗಳ ನಂಟೂ ಅದಕ್ಕಿದೆ.

ದೊಡ್ಡ ಕಾವ್ಯ ಮೋಹನತರಂಗಿಣಿ. ಸಾಂಗತ್ಯದಲ್ಲಿ 42 ಸಂಧಿಗಳು. ಉಷೆ ಅನಿರುದ್ಧರ ಪ್ರೇಮ, ಶ್ರೀಕೃಷ್ಣನ ಕಥೆ. ಅದರಲ್ಲಿ ಬರುವ ದ್ವಾರಕೆಯ ಬೀದಿ, ಅಂಗಡಿ, ಆನೆ, ಉತ್ಸವಗಳನ್ನು ಓದುವವರಿಗೆ ಹಂಪೆ ನೆನಪಾಗುತ್ತದೆ. ಕಾವ್ಯದ ಕೃಷ್ಣನ ಹಿಂದೆ ಕೃಷ್ಣದೇವರಾಯ ನಿಂತಿದ್ದಾನೆಂದು ವಿಮರ್ಶಕರು ಗುರುತಿಸಿದ್ದಾರೆ. ಇಲ್ಲಿಯೂ ಹೆಸರು ಹೇಳದೆ ಲಕ್ಷಣ ಹೇಳುವ ಜಾಣ್ಮೆಯೇ. ಭಾಮಿನಿ ಷಟ್ಪದಿಯ ನಳಚರಿತ್ರೆಯಲ್ಲಂತೂ ಕಥೆಯೇ ಗುರುತಿನದು. ಕಾರ್ಕೋಟಕನ ವಿಷದಿಂದ ರೂಪಗೆಟ್ಟು ಬಾಹುಕ ಎಂಬ ಹೆಸರಿನಲ್ಲಿ ಅಡಗಿದ ನಳನನ್ನು ದಮಯಂತಿ ಕಂಡುಹಿಡಿಯುವುದು ಹೇಗೆ? ಮುಖ ಅದಲ್ಲ, ಹೆಸರು ಅದಲ್ಲ. ಅವನ ಕೈಯಡುಗೆಯ ರುಚಿ, ಕುದುರೆಗಳನ್ನು ಓಡಿಸುವ ಪರಿ, ಇವು ಬದಲಾಗಿರಲಿಲ್ಲ. ಅಷ್ಟು ಸಾಕಾಯಿತು. ಹರಿಭಕ್ತಿಸಾರ ನೂರಕ್ಕೂ ತುಸು ಹೆಚ್ಚು ಪದ್ಯಗಳ ಸ್ತುತಿ. ಒಂದು ಕಾಲದಲ್ಲಿ ಅಕ್ಷರ ಕಲಿತ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕೃತಿ.

ನರೆದಲೆಗನ ನ್ಯಾಯ

ನಾಲ್ಕನೆಯದು ರಾಮಧಾನ್ಯಚರಿತೆ. ಕೇವಲ 158 ಪದ್ಯಗಳು. ಗಾತ್ರದಲ್ಲಿ ಸಣ್ಣದು, ಕನಕದಾಸರಲ್ಲಿ ಒಂದೇ ಒಂದನ್ನು ಓದುವೆನೆನ್ನುವವರು ಇದನ್ನೇ ಓದಬೇಕು.

ಲಂಕೆಯಿಂದ ಮರಳುವ ರಾಮ ದಾರಿಯಲ್ಲಿ ಗೌತಮರ ಆಶ್ರಮದಲ್ಲಿ ತಂಗುತ್ತಾನೆ. ಋಷಿಗಳು ಬಗೆಬಗೆಯ ಧಾನ್ಯಗಳ ಅಡುಗೆ ತಂದು ಉಣಬಡಿಸುತ್ತಾರೆ. ಧಾನ್ಯಗಳಲ್ಲಿ ಉತ್ತಮ ಯಾವುದೆಂಬ ಮಾತು ಏಳುತ್ತದೆ. ಗೌತಮರು ನರೆದಲೆಗನನ್ನು ಹೊಗಳುತ್ತಾರೆ. ನರೆದಲೆಗ ಎಂದರೆ ಇಂದಿನ ರಾಗಿ. ನರೆತ ತಲೆಯವನು ಎಂದು ಅರ್ಥ. ತೆನೆಯ ರೂಪ ಕಂಡು ಇಟ್ಟ ಹೆಸರು. ಕಂಡ ಲಕ್ಷಣದಿಂದ ಕರೆಯುವ ಪದ್ಧತಿ ಕಾಳುಕಡಿಗೂ ಬಿಟ್ಟದ್ದಲ್ಲ.

ವ್ರೀಹಿ, ಅಂದರೆ ನೆಲ್ಲು, ಸಹಿಸುವುದಿಲ್ಲ. ದೇವರ ನೈವೇದ್ಯಕ್ಕೆ ತಾನು, ಮದುವೆಯ ಅಕ್ಷತೆಗೆ ತಾನು, ಉಳ್ಳವರ ಮನೆಯ ಊಟಕ್ಕೆ ತಾನು. ಶೂದ್ರರ ಅನ್ನವಾದ ಈ ನರೆತಲೆಯವನು ತನಗೆ ಸಮನೇ ಎಂದು ಹರಿಹಾಯುತ್ತದೆ. ನರೆದಲೆಗನೂ ಬಿಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಜನರನ್ನು ಬದುಕಿಸಿದವರು ಯಾರು, ಬಡವರ ಹೊಟ್ಟೆ ತುಂಬಿಸಿದವರು ಯಾರು ಎಂದು ಎದುರು ನಿಲ್ಲುತ್ತದೆ. ಉಳ್ಳವರನ್ನಷ್ಟೇ ಬಲ್ಲ ನೆಲ್ಲಿನ ಮೋರೆಗೇ ಮಾತು ಎಸೆಯುತ್ತದೆ. ಜಗಳ ಕೇಳಿದ ರಾಮ ಅಲ್ಲಿಯೇ ತೀರ್ಪು ಹೇಳುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಅಯೋಧ್ಯೆಗೆ ನಡೆಯುತ್ತಾನೆ.

ಆರು ತಿಂಗಳ ಬಳಿಕ ಸಭೆಗೆ ಕರೆಸಿದಾಗ ನೆಲ್ಲು ಸೊರಗಿ ಸತ್ವ ಕಳೆದುಕೊಂಡಿತ್ತು. ನರೆದಲೆಗ ಇಟ್ಟಂತೆಯೇ ಇತ್ತು. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹುಳು ಬೀಳುವುದು ಕಡಿಮೆ ಎಂಬುದು ರೈತರಿಗೆಲ್ಲ ಗೊತ್ತಿರುವ ಸಂಗತಿ. ಕವಿ ನ್ಯಾಯಕ್ಕೆ ಹೂಡಿದ್ದು ಶಾಸ್ತ್ರವನ್ನಲ್ಲ, ಈ ಅನುಭವವನ್ನು. ರಾಮ ಮೆಚ್ಚಿ ತನ್ನ ಹೆಸರನ್ನೇ, ರಾಘವ ಎಂಬುದನ್ನೇ, ಅದಕ್ಕೆ ಕೊಡುತ್ತಾನೆ. ರಾಘವನ ಹೆಸರು ಪಡೆದದ್ದು ರಾಗಿಯಾಯಿತು ಎಂಬುದು ಕಾವ್ಯದ ಚಮತ್ಕಾರ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪಲಿಕ್ಕಿಲ್ಲ, ಒಪ್ಪಬೇಕೆಂದು ಕವಿಯೂ ಬಯಸಿರಲಿಕ್ಕಿಲ್ಲ. ನೆಲ್ಲನ್ನೂ ರಾಮ ಅವಮಾನಿಸಿ ಕಳುಹಿಸುವುದಿಲ್ಲ; ಸಮಾಧಾನಪಡಿಸಿ ಕಳುಹಿಸುತ್ತಾನೆ.

ಬಿಳಿಜೋಳದ ರೊಟ್ಟಿ ಉಣ್ಣುವ ಸೀಮೆಯಲ್ಲಿ ಹುಟ್ಟಿದ ಕವಿ ರಾಗಿಯ ಪರ ವಕಾಲತ್ತು ವಹಿಸಿದ್ದು ಕುತೂಹಲದ ವಿಷಯ. ಆದರೆ ಇಲ್ಲಿ ಧಾನ್ಯ ಧಾನ್ಯವಷ್ಟೇ ಅಲ್ಲವೆಂಬುದು ಯಾರಿಗಾದರೂ ತಿಳಿಯುತ್ತದೆ. ಮಠದ ಅಂಗಳದಲ್ಲಿ ಕುಲದಿಂದ ಗುರುತಿಸಲ್ಪಟ್ಟವನು, ರೂಪದಿಂದ ಹೆಸರು ಪಡೆದ ಒಂದು ಕಾಳನ್ನು ರಾಜಸಭೆಯಲ್ಲಿ ನಿಲ್ಲಿಸಿದ್ದಾನೆ. ನೆಲ್ಲು ಹೇಳಿದ್ದು ತಾನು ಯಾರ ಮನೆಯ ಅನ್ನ ಎಂಬುದನ್ನು. ನರೆದಲೆಗ ಹೇಳಿದ್ದು ತಾನು ಏನು ಮಾಡಿದೆ ಎಂಬುದನ್ನು. ಯಾವ ಗುರುತು ನಿಲ್ಲಬೇಕು ಎಂಬ ಪ್ರಶ್ನೆಯನ್ನು ಕನಕದಾಸರು ಕೀರ್ತನೆಗಳಲ್ಲಿಯೂ ಕೇಳಿದ್ದಾರೆ, ಕುಲದ ನೆಲೆ ಬಲ್ಲಿರಾ ಎಂದು ನೇರವಾಗಿಯೇ ಕೆಣಕಿದ್ದಾರೆ. ಕೀರ್ತನೆಯಲ್ಲಿ ಸಿಟ್ಟಿದೆ. ರಾಮಧಾನ್ಯದಲ್ಲಿ ಆರು ತಿಂಗಳು ಕಾಯುವ ತಾಳ್ಮೆಯಿದೆ. ಈ ಬರಹಗಾರನಿಗೆ ಎರಡನೆಯದೇ ಹೆಚ್ಚು ಹರಿತವೆನಿಸುತ್ತದೆ.

ಬಾಡ, ಕಾಗಿನೆಲೆ

ಕೊನೆಗಾಲವನ್ನು ಕನಕದಾಸರು ಕಾಗಿನೆಲೆಯಲ್ಲಿ ಕಳೆದರೆಂದು ನಂಬಿಕೆ. ಅವರ ಗದ್ದುಗೆ ಅಲ್ಲಿದೆ, ಆದಿಕೇಶವನ ಗುಡಿಯಿದೆ, ಇತ್ತೀಚಿನ ದಶಕಗಳಲ್ಲಿ ಬೆಳೆದ ಕನಕ ಗುರುಪೀಠವಿದೆ. ಬಾಡದಲ್ಲಿ ಹಳೆಯ ಕೋಟೆ ಮತ್ತು ಕಟ್ಟಡದ ಅವಶೇಷಗಳಿದ್ದ ಜಾಗದಲ್ಲಿ ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರವು ಅರಮನೆಯನ್ನು ಹೊಸದಾಗಿ ಕಟ್ಟಿಸಿದೆ. ಕಾರ್ತಿಕ ಬಹುಳ ತದಿಗೆಯಂದು ರಾಜ್ಯದಾದ್ಯಂತ ಕನಕ ಜಯಂತಿ. ಸರ್ಕಾರಿ ರಜೆ, ಮೆರವಣಿಗೆ, ಡೊಳ್ಳು. ಭಾಷಣಗಳಲ್ಲಿ ಕಿಂಡಿಯೂ ಬಾಳೆಹಣ್ಣೂ ತಪ್ಪದೆ ಬರುತ್ತವೆ. ನರೆದಲೆಗ ಬರುವುದು ಭಾಷಣಕಾರರು ಕನ್ನಡ ಮೇಷ್ಟ್ರಾಗಿದ್ದರೆ ಮಾತ್ರ.

ಬಾಡದ ಹೊಸ ಅರಮನೆಗೆ ಇರುವ ಹೆಸರು ಕನಕನ ಅರಮನೆ. ಲೆಕ್ಕಕ್ಕೆ ಹಿಡಿದರೆ ಅದು ತಪ್ಪು. ಕೋಟೆಯೊಳಗೆ ಕತ್ತಿ ಕಟ್ಟಿಕೊಂಡು ಓಡಾಡಿದವನು ತಿಮ್ಮಪ್ಪನಾಯಕ. ಕನಕದಾಸರಾದ ಮೇಲೆ ಅವರಿಗೆ ಅರಮನೆಯ ಹಂಗಿರಲಿಲ್ಲ. ಆದರೆ ತಿಮ್ಮಪ್ಪನಾಯಕನ ಅರಮನೆ ಎಲ್ಲಿ ಎಂದು ಬಂಕಾಪುರದ ನಿಲುಗಡೆಯಲ್ಲಿ ಇಳಿದು ಕೇಳುವ ಪ್ರಯಾಣಿಕನಿಗೆ ಏನಾಗುತ್ತದೆ ಎಂಬುದನ್ನು ತಡಸದವರನ್ನು ಕೇಳಬೇಕಾಗಿಲ್ಲ. ಯಾವ ತಿಮ್ಮಪ್ಪ ಎಂಬ ಮರುಪ್ರಶ್ನೆ ಬರುತ್ತದೆ. ಹೊನ್ನು ಸಿಕ್ಕಿತ್ತಲ್ಲ, ಅದನ್ನೆಲ್ಲ ಕೊಟ್ಟುಬಿಟ್ಟನಲ್ಲ, ಅವನು ಎಂದರೆ ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ಕೈ ಹೊರಚಾಚಿ ದಾರಿ ತೋರಿಸುತ್ತಾರೆ.